ನೆಟ್ ನಿಧಾನವಾದ ವಾರ

ತಿಳವಳ್ಳಿಯ ನಮ್ಮ ಓಣಿಯಲ್ಲಿ ಮೊದಲು ವೈಫೈ ಬಂದದ್ದು ನಮ್ಮ ಮನೆಗೆ. ಶಾಲೆಯಲ್ಲಿ ಪಾಠ ಹೇಳಿ ಅಕ್ಕೋರು ಅನ್ನಿಸಿಕೊಂಡವಳು ನಾನು, ಕೊಡುವುದರಲ್ಲೂ ಸ್ವಲ್ಪ ಜಂಬ. ಪಕ್ಕದ ಮನೆಯ ಹುಡುಗಿ ನರ್ಸಿಂಗ್ ಸೇರುವ ಪರೀಕ್ಷೆಗೆಂದು ಫೋನಿನಲ್ಲಿ ಪಾಠ ಕೇಳುತ್ತಿದ್ದಳು. ಪಾಸ್‌ವರ್ಡ್ ನಾನೇ ಕರೆದು ಕೊಟ್ಟಿದ್ದೆ.

ಓಣಿಯಲ್ಲಿ ಗೋವಿನಜೋಳ ಒಕ್ಕುವ ರಾಶಿ ಶುರುವಾದ ದಿನಗಳಲ್ಲಿ ನೆಟ್ ಕುಂಟತೊಡಗಿತು. ಸಂಜೆ ಮನೆಯಲ್ಲಿ ಕೂತು ಮಕ್ಕಳ ಹಾಜರಿಯನ್ನು ಫೋನಿಗೆ ಹಾಕಲು ಹೋದರೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇವಳು ದಿನವಿಡೀ ಸಿನಿಮಾ ಇಳಿಸುತ್ತಿದ್ದಾಳೆ ಎಂದು ತೀರ್ಮಾನಿಸಿಬಿಟ್ಟೆ. ಅವಳ ಅವ್ವನ ಕಿವಿಗೆ ಬೀಳುವಂತೆ ಗೊಣಗಿದೆ. ಅದೂ ಸಾಲದೆ ಪಾಸ್‌ವರ್ಡ್ ಬದಲಿಸಿದೆ. ಹುಡುಗಿ ಕೇಳಲು ಬಂದಾಗ, "ಕಂಪನಿಯವ್ರು ಬದಲ್ ಮಾಡ್ಯಾರವ್ವ, ಹೊಸಾದು ಇನ್ನೂ ಕೊಟ್ಟಿಲ್ಲ" ಎಂದು ಸುಳ್ಳು ಹೇಳಿದೆ. ಮರುದಿನದಿಂದ ಅವಳು ಸಿಗ್ನಲ್ ಹುಡುಕಿಕೊಂಡು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಪಾಠ ಕೇಳಿದಳು. ಶಾಲೆಗೆ ಹೋಗುವಾಗ ನಾನು ನೋಡಿಯೂ ನೋಡದವಳಂತೆ ನಡೆದೆ.

ನೆಟ್ ಮಾತ್ರ ಸುಧಾರಿಸಲಿಲ್ಲ. ಹಾನಗಲ್‌ನಿಂದ ಕಂಪನಿಯವನನ್ನು ಕರೆಸಿ, ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡೆ. ಅವನು ತನ್ನ ಫೋನಿನಲ್ಲಿ ವೇಗ ಅಳೆದ. ನಾವು ಹಾಕಿಸಿಕೊಂಡದ್ದು ನಲವತ್ತು ಎಂಬಿ ವೇಗದ ನೆಟ್, ಬಂದದ್ದು ಎರಡು.

"ರೌಟರ್ ಎಲ್ಲೈತ್ರಿ ಅಕ್ಕೋರ?"

ರಾಶಿಯ ಧೂಳು ಕೂರಬಾರದೆಂದು ನಾನೇ ಅದನ್ನು ಕಬ್ಬಿಣದ ಕಪಾಟಿನಲ್ಲಿ, ಸೀರೆಗಳ ನಡುವೆ ಇಟ್ಟು, ವೈರನ್ನು ಸಂದಿಯಿಂದ ಹೊರಗೆಳೆದು ಬಾಗಿಲು ಹಾಕಿದ್ದೆ. ಅವನು ಅದನ್ನು ಹೊರಗೆ ತೆಗೆದು ಗೋಡೆಯ ಗೂಡಿನಲ್ಲಿಟ್ಟು ಮತ್ತೆ ಅಳೆದ. ಮೂವತ್ತೆಂಟು.

"ಕಬ್ಬಿಣದಾಗ ಮುಚ್ಚಿಟ್ರ ಹೆಂಗ ಬರ್ತೇತ್ರಿ?" ಅಂದ. ಬೈಸಿಕೊಂಡವನು ಅಷ್ಟಕ್ಕೇ ಬಿಟ್ಟದ್ದು ದೊಡ್ಡದು. ನನಗೆ ತಲೆ ಎತ್ತಲಾಗಲಿಲ್ಲ.

ಸಂಜೆ ಚೀಟಿಯಲ್ಲಿ ಪಾಸ್‌ವರ್ಡ್ ಬರೆದುಕೊಂಡು ಪಕ್ಕದ ಮನೆಗೆ ಹೋದೆ. ತಪ್ಪಾಯಿತು ಎನ್ನಬೇಕೆಂದೇ ಹೋಗಿದ್ದೆ. ಬಾಯಿಂದ ಬಂದದ್ದು, "ಕಂಪನಿಯವ್ರು ಈಗ ಕೊಟ್ರವ್ವ."

ಹುಡುಗಿ ಎರಡೂ ಕೈ ಚಾಚಿ ಚೀಟಿ ತೆಗೆದುಕೊಂಡಳು. "ನಿಮ್ಮ ನೆಟ್ ನಿಧಾನ ಆಗಿದ್ದು ನನ್ನಿಂದನ ಏನ್ರಿ ಅಕ್ಕೋರ? ಇನ್ನ ಮ್ಯಾಲ ನೀವು ಸಾಲಿಗೆ ಹೋದಾಗಷ್ಟ ನೋಡ್ತೇನ್ರಿ."

ಅಲ್ಲ ಅನ್ನಲು ಒಂದು ಮಾತು ಸಾಕಿತ್ತು. ಮೂವತ್ತು ಮಕ್ಕಳಿಗೆ ನಿಜ ಹೇಳಬೇಕೆಂದು ಪಾಠ ಮಾಡುವ ಬಾಯಿಗೆ ಅದು ಬರಲಿಲ್ಲ. "ಆತವ್ವ" ಎಂದು ತಿರುಗಿ ಬಂದೆ.

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಇವತ್ತಿಗೂ ಅವಳಿಗೆ ಹೇಳಿಲ್ಲ. ಶಾಲೆ ಮುಗಿಸಿ ಬಂದು ನಾನು ಗೇಟು ತೆರೆದ ಸದ್ದಾಗುತ್ತಿದ್ದಂತೆ ಪಕ್ಕದ ಮನೆಯಲ್ಲಿ ಪಾಠ ನಿಂತುಹೋಗುತ್ತದೆ.