ಮಣ್ಣು ಕೆರೆಯಲು ಬಂದ ದೀಪಶ್ರೀ

ದೀಪಶ್ರೀಯ ಹೆಸರು ಗಿರಿಜವ್ವನ ಕಿವಿಗೆ ಮೊದಲ ಸಲ ಬಿದ್ದ ದಿನ ಮನೆಯಲ್ಲಿ ಹೊಗೆಯ ಅಲಾರಾಂ ಹೊಡೆದುಕೊಳ್ಳುತ್ತಿತ್ತು. ಪರದೇಶದ ಊರು ಮಿಲ್ಟನ್ನಿನ ಆ ಹೊಸ ಮನೆಗಳಲ್ಲಿ ರೊಟ್ಟಿಯ ಹಂಚು ತುಸು ಕಾದರೆ ಸಾಕು, ಸೂರಿನ ಡಬ್ಬಿ ಚೀರತೊಡಗುತ್ತದೆ. ಗ್ಯಾರೇಜಿನಿಂದ ಬಂದ ಮಗ ಪ್ರಮೋದ ಟವೆಲ್ಲು ಬೀಸಿ ಅದರ ಬಾಯಿ ಮುಚ್ಚಿಸಿದ, ಕೈ ತೊಳೆಯದೆಯೇ ಒಂದು ರೊಟ್ಟಿ ಮುರಿದುಕೊಂಡ.

"ಯವ್ವಾ, ಇವತ್ತ ಒಬ್ಬಾಕಿ ಬಂದಿದ್ಲು. ಬೆಳಗಾವಿ ಕಡೆಯಾಕಿ, ದೀಪಶ್ರೀ ಅಂತ. ವೇರ್‌ಹೌಸಿನ್ಯಾಗ ಫೋರ್ಕ್‌ಲಿಫ್ಟ್ ಓಡಸ್ತಾಳಂತ. ಶುಕ್ರವಾರ ಶುಕ್ರವಾರ ಬಂದು ನಮ್ಮ ಕಾರಿನ ಮಣ್ಣ ಕೆರೀತೀನಿ ಅಂದ್ಲು. ಪುಕ್ಕಟ."

"ಮಣ್ಣ ಕೆರ್ಯಾಕ ಇಷ್ಟ ಹಂಬಲಾ? ಹುಚ್ಚಿ ಇರಬೇಕು," ಎಂದು ಗಿರಿಜವ್ವ ನಕ್ಕಳು. ನಕ್ಕು ಆ ಹುಡುಗಿಗೂ ಎರಡು ರೊಟ್ಟಿ ಕಟ್ಟಿಟ್ಟಳು. ಮೊಮ್ಮಗನ ಕಾರಿಗೆ ಒಂದು ಆಳು ಸಿಕ್ಕಿತಲ್ಲ ಎಂದು ಅವತ್ತು ಅವಳಿಗೆ ಸಂತೋಷವೇ ಆಗಿತ್ತು.

ಅದು ಸ್ಪ್ರಿಂಟ್ ಕಾರು. ಒಂದೇ ಸೀಟು, ತಲೆಯ ಮೇಲೆ ಮಂಚದಷ್ಟು ಅಗಲದ ತಗಡಿನ ರೆಕ್ಕೆ. ತಾನಾಗಿ ಸ್ಟಾರ್ಟ್ ಆಗುವುದೂ ಇಲ್ಲ, ಹಿಂದಿನಿಂದ ಟ್ರಕ್ಕು ನೂಕಬೇಕು. ಹ್ಯಾಮಿಲ್ಟನ್ ದಾಟಿದ ಮೇಲೆ ಹೊಲಗಳ ನಡುವೆ ಜೇಡಿಮಣ್ಣಿನ ಒಂದು ದುಂಡನೆಯ ಟ್ರ್ಯಾಕು ಇದೆ. ಬೇಸಿಗೆಯ ಶುಕ್ರವಾರಗಳಂದು ಅಲ್ಲಿ ರೇಸು. ಗಿರಿಜವ್ವನ ಗಂಡ ಮುರಿಗೆಪ್ಪ ಹುಬ್ಬಳ್ಳಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವನು. ಇಲ್ಲಿಗೆ ಬಂದು ಆ ಮಣ್ಣಿಗೆ ಮರುಳಾದ. ಮೊಮ್ಮಗ ನಿಜಗುಣನನ್ನು ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಸಣ್ಣ ಕಾರಿನಲ್ಲಿ ಕೂರಿಸಿದ. ಸಾಯುವ ಮುಂಚೆಯೂ ಅವನ ಬಾಯಲ್ಲಿ ಇದ್ದದ್ದು, ಹುಡುಗ ದೊಡ್ಡ ರೇಸಿಗೆ ಹೋಗಬೇಕು ಎಂಬ ಮಾತು.

ದೊಡ್ಡ ರೇಸೆಂದರೆ ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ತಿರುಗುವ ರಾಷ್ಟ್ರಮಟ್ಟದ ರೇಸು. ಅದಕ್ಕೆ ಅರ್ಜಿ ಹಾಕಿ ಹೋಗುವುದಿಲ್ಲ. ಊರ ಟ್ರ್ಯಾಕಿನಲ್ಲಿ ವರ್ಷಗಟ್ಟಲೆ ಓಡಿಸಬೇಕು. ವರ್ಷಕ್ಕೊಮ್ಮೆ ಆ ದೊಡ್ಡವರು ಗಡಿ ದಾಟಿ ಈ ಕಡೆ ಬಂದಾಗ ಅವರ ನಡುವೆ ನುಗ್ಗಿ ಮುಖ ತೋರಿಸಬೇಕು. ಅವರಲ್ಲಿ ಯಾವುದೋ ಕಾರಿನ ಓನರನ ಕಣ್ಣಿಗೆ ಬೀಳಬೇಕು, ಅದೇ ಹೊತ್ತಿಗೆ ಅವನ ಸೀಟು ಖಾಲಿಯಾಗಬೇಕು. ಆ ಸೀಟು ನಿಜಗುಣನದು ಎಂದು ಗಿರಿಜವ್ವ ಮನಸ್ಸಿನಲ್ಲಿ ಎಂದೋ ತೀರ್ಮಾನಿಸಿಬಿಟ್ಟಿದ್ದಳು.

ಅವಳಿಗೂ ಅಲ್ಲಿ ಒಂದು ಕೆಲಸವಿತ್ತು. ರೇಸಿನಲ್ಲಿ ಮುಂದಿನ ಕಾರು ಎರಚುವ ಮಣ್ಣು ಹೆಲ್ಮೆಟ್ಟಿನ ಗಾಜಿಗೆ ರಪರಪ ಬಡಿಯುತ್ತದೆ, ಒರೆಸಿಕೊಳ್ಳಲು ಪುರುಸೊತ್ತು ಇರುವುದಿಲ್ಲ. ಅದಕ್ಕೆ ಗಾಜಿನ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಗಳನ್ನು ಒಂದರ ಮೇಲೊಂದು ಕೂರಿಸಿರುತ್ತಾರೆ. ಮಣ್ಣು ಕಟ್ಟಿದ ಕೂಡಲೇ ಮೇಲಿನದನ್ನು ಕಿತ್ತೆಸೆದರೆ ಕೆಳಗಿನದು ಸ್ವಚ್ಛ. ಆದರೆ ಕೈಗವಸಿನ ದಪ್ಪ ಬೆರಳಿಗೆ ಒಂದೇ ಹಾಳೆಯ ತುದಿ ಸಿಗಬೇಕು. ಎರಡು ಕೂಡಿ ಬಂದರೆ ಕೊನೆಯ ಸುತ್ತುಗಳಿಗೆ ಹಾಳೆ ಉಳಿಯುವುದಿಲ್ಲ. ಹುಬ್ಬಳ್ಳಿಯಲ್ಲಿ ಕುಬಸ ಹೊಲಿದು ಸಂಸಾರಕ್ಕೆ ಹೆಗಲು ಕೊಟ್ಟಿದ್ದ ಗಿರಿಜವ್ವ, ನಿರಿಗೆ ಹಿಡಿದ ಹಾಗೆ ಆ ತುದಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಮಡಿಚುತ್ತಿದ್ದಳು. ಎಳೆದರೆ ಒಂದೇ ಬರುತ್ತಿತ್ತು. ಆ ಮಡಿಕೆಯನ್ನು ಪ್ರಮೋದನಿಗೂ ಹೇಳಿಕೊಟ್ಟಿರಲಿಲ್ಲ.

ದೀಪಶ್ರೀ ಗಿಡ್ಡ ಹುಡುಗಿ. ತಾಯಿ ಮಾಧುರಿ ವೇರ್‌ಹೌಸಿನಲ್ಲಿ ಡಬ್ಬಿ ಕಟ್ಟಿ ಒಬ್ಬಳೇ ಸಾಕಿದ ಮಗಳು. ತುರುಬಿಗೆ ಸ್ಕ್ರೂಡ್ರೈವರು ಸಿಕ್ಕಿಸಿಕೊಂಡು ಬರುವಳು, ರೊಟ್ಟಿಯನ್ನು ನಿಂತೇ ತಿನ್ನುವಳು, ಕೆರೆದ ಮಣ್ಣನ್ನು ಬಕೆಟ್ಟಿಗೆ ಹಾಕುವ ಮೊದಲು ಬೆರಳಲ್ಲಿ ಹಿಚುಕಿ ನೋಡುವಳು. ನಿಜಗುಣ ಅಜ್ಜಿಯನ್ನು ಆಯಿ ಎನ್ನುತ್ತಿದ್ದ. ಅವಳೂ ಹಾಗೇ ಕರೆಯತೊಡಗಿದಳು.

"ನಾ ಏನ್ ನಿನ್ನ ಆಯಿ ಅಲ್ಲ."

"ಹಂಗಾರ ಏನ್ ಅನ್ಲಿ? ಮ್ಯಾಡಂ ಅನ್ಲೇನು?"

ಸುತ್ತಲಿದ್ದವರು ನಕ್ಕರು. ಮ್ಯಾಡಂ ಅನ್ನಿಸಿಕೊಳ್ಳುವುದಕ್ಕಿಂತ ಆಯಿಯೇ ವಾಸಿಯೆಂದು ಗಿರಿಜವ್ವ ಸುಮ್ಮನಾದಳು. ಪ್ರ್ಯಾಕ್ಟೀಸ್ ಮುಗಿದ ಮೇಲೆ ಹುಡುಗಿ ಪ್ರಮೋದನ ಬೆನ್ನು ಬಿದ್ದು ನಿಜಗುಣನ ಹಳೆಯ ಸಣ್ಣ ಕಾರಿನಲ್ಲಿ ನಾಲ್ಕು ಸುತ್ತು ಹಾಕುತ್ತಿದ್ದಳು. ಹಾಕಲಿ ಬಿಡು, ಮಣ್ಣು ಕೆರೆದದ್ದಕ್ಕೆ ಕೂಲಿ, ಎಂದುಕೊಂಡಿದ್ದಳು ಗಿರಿಜವ್ವ.

ಮರುವರ್ಷ ಮಾರ್ಚಿನಲ್ಲಿ ನಿಜಗುಣ ಮನೆಯ ಮುಂದಿನ ಹಿಮದ ಮೇಲೆ ಜಾರಿ ಬಿದ್ದು ಹೆಗಲ ಎಲುಬು ಮುರಿದುಕೊಂಡ. ಕಾರು ಸುಮ್ಮನೆ ನಿಂತರೆ ಸೀಸನ್ನಿನ ಪಾಯಿಂಟು ಹೋಗುತ್ತದೆಂದು ಪ್ರಮೋದ ಆ ಸೀಟಿನಲ್ಲಿ ದೀಪಶ್ರೀಯನ್ನು ಕೂರಿಸಿದ. ರೆಕ್ಕೆಯ ಮೇಲೆ ಮುರಿಗೆಪ್ಪನ ಹೆಸರು, ಕೆಳಗೆ ಬೇರೆಯವರ ಮಗಳು. ಗಿರಿಜವ್ವನಿಗೆ ಅನ್ನ ಇಳಿಯಲಿಲ್ಲ.

ಮೊದಲ ಶುಕ್ರವಾರ ಹುಡುಗಿ ಹೆಲ್ಮೆಟ್ಟು ಹಿಡಿದುಕೊಂಡು ಬಂದಳು. "ಆಯಿ, ನನಗೂ ಹಾಳಿ ಮಡಿಚಿ ಕೊಡ್ರಿ."

"ನನಗ ಕಣ್ಣ ಕಾಣವೊಲ್ಲವು."

"ಹೋದ ವರ್ಷ ನಿಜ್ಜುಗ ಮಡಿಚಿ ಕೊಟ್ರಲ್ಲ?"

"ಅವಗ ಮಡಚಾಕಾದ್ರ ಕಾಣ್ತಾವು."

ದೀಪಶ್ರೀ ಮುಖ ಸಣ್ಣದು ಮಾಡಲಿಲ್ಲ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತು ತನಗೆ ಬಂದ ಹಾಗೆ ಮಡಿಚಿಕೊಂಡಳು. ಒಡ್ಡೊಡ್ಡಾಗಿ, ಪಳಗದ ಕೈಯಲ್ಲಿ ಮಡಿಚಿದ ಹಾಳೆಗಳು. ಎಳೆದರೆ ಒಂದು ಬಂದರೆ ಬಂತು, ಇಲ್ಲದಿದ್ದರೆ ಎರಡು. ಆದರೂ ಗೆದ್ದಳು. ಒಂದು ಶುಕ್ರವಾರ ಮೂರನೆಯವಳಾದಳು, ಇನ್ನೊಂದು ಶುಕ್ರವಾರ ಮೊದಲಿಗಳೇ ಆದಳು. ಜನ ಕೂಗಿದ್ದು ಮುರಿಗೆಪ್ಪನ ಹೆಸರನ್ನಲ್ಲ, ಅವಳ ಹೆಸರನ್ನು. ಗಿರಿಜವ್ವ ಚಪ್ಪಾಳೆ ತಟ್ಟಬೇಕಾಗಿ ಬಂದಾಗ ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡುಬಿಡುತ್ತಿದ್ದಳು.

ಎಲುಬು ಕೂಡಿ ನಿಜಗುಣ ಎದ್ದ ಮೇಲೆ ಪ್ರಮೋದ ಮೂಲೆಯಲ್ಲಿದ್ದ ಇನ್ನೊಂದು ಹಳೆಯ ಸ್ಪ್ರಿಂಟ್ ಕಾರನ್ನೂ ರಿಪೇರಿ ಮಾಡಿದ. ಜುಲೈಯಲ್ಲಿ ದೊಡ್ಡವರು ಬರುವ ವಾರ. ಇಬ್ಬರೂ ಓಡಿಸಲಿ ಎಂದ. ಯಾರಿಗೆ ಯಾವ ಕಾರು ಎಂಬ ಮಾತು ಬಂದಾಗ ಗಿರಿಜವ್ವ ಊಟದ ತಟ್ಟೆ ಸರಿಸಿದಳು.

"ಹೊಸಾದು ನನ್ನ ಮೊಮ್ಮಗಗ. ಇಲ್ಲಂದ್ರ ನಾ ಉಣ್ಣೂದಿಲ್ಲ."

ನಿಜಗುಣ ಮೊಬೈಲಿನಿಂದ ತಲೆ ಎತ್ತಿದ. "ಆಯಿ, ಶೀ ಈಸ್ ಫಾಸ್ಟರ್. ದಟ್ಸ್ ಇಟ್."

"ಸುಮ್ಮ ಕುಂದ್ರು! ನಿನಗ ಬರಬೇಕಾದ ಸಿಟ್ಟೂ ನಾನs ಮಾಡ್ಕೋಬೇಕಾಗೇತಿ."

ಹೊಸದು ನಿಜಗುಣನಿಗೇ ಹೋಯಿತು. ದೀಪಶ್ರೀ ಹಳೆಯದರ ಬಾನೆಟ್ಟು ತಟ್ಟಿ, "ನಡಿಯೇ ಮುದಿಕಿ," ಎಂದಳಂತೆ. ಅದು ತನಗೇ ಅಂದದ್ದು ಎಂದು ಗಿರಿಜವ್ವ ಎರಡು ದಿನ ಮಾತು ಬಿಟ್ಟಿದ್ದಳು.

ದೊಡ್ಡವರು ಬಂದ ಆ ಸಂಜೆ ಟ್ರ್ಯಾಕಿನ ಸುತ್ತ ಕಾಲಿಡಲು ಜಾಗವಿರಲಿಲ್ಲ. ಊರಿನವರಲ್ಲಿ ಬಹಳ ಮಂದಿ ಮುಖ್ಯ ರೇಸಿಗೆ ಆರಿಸಿಬರದೆ ಕೊನೆಯ ಅವಕಾಶದ ರೇಸಿಗೆ ಬಿದ್ದರು. ನಿಜಗುಣನೂ ಬಿದ್ದ, ದೀಪಶ್ರೀಯೂ ಬಿದ್ದಳು. ಅದರಲ್ಲಿ ಮೊದಲ ನಾಲ್ವರಿಗೆ ಮಾತ್ರ ಒಳಗೆ ಹೋಗಲು ಬಾಗಿಲು. ಕೊನೆಯ ಸುತ್ತಿನವರೆಗೂ ನಿಜಗುಣ ನಾಲ್ಕನೆಯವನು. ಅವನ ಹಾಳೆಗಳು ಒಂದೊಂದೇ, ಹಕ್ಕಿಯ ಪುಚ್ಚದ ಹಾಗೆ ಹಾರುತ್ತಿದ್ದವು. ಗಿರಿಜವ್ವ ಸೆರಗಿನ ಗಂಟು ಹಿಡಿದು ನಿಂತಿದ್ದಳು. ಕೊನೆಯ ತಿರುವಿನಲ್ಲಿ ನಿಜಗುಣ ಹೊರ ಅಂಚಿನಲ್ಲಿ ದಿಬ್ಬಗಟ್ಟಿದ ಮಣ್ಣಿಗೆ ಹೆದರಿ ಒಂದು ಗಳಿಗೆ ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದ. ಹಳೆಯ ಕಾರು ಒಳಗಿನ ಅಂಚಿನಿಂದ ನುಗ್ಗಿತು. ನಾಲ್ಕನೆಯವಳು ದೀಪಶ್ರೀ.

ನಿಜಗುಣ ಇಳಿದು ಬಂದ. ಅವಳ ಕಾರಿಗೆ ತಾನೇ ಟೈರು ಬದಲಿಸಿದ. ಗಿರಿಜವ್ವ ಆ ಕಡೆ ನೋಡಲಿಲ್ಲ.

ಮುಖ್ಯ ರೇಸಿನಲ್ಲಿ ಹುಡುಗಿ ಎಲ್ಲರಿಗಿಂತ ಹಿಂದೆ ನಿಂತಳು. ಹೊರಟ ಮೊದಲ ಸುತ್ತಿನಲ್ಲೇ ಅವಳ ಹೆಲ್ಮೆಟ್ಟಿನಿಂದ ಎರಡು ಹಾಳೆ ಕೂಡಿ ಹಾರಿದ್ದನ್ನು ಗಿರಿಜವ್ವ ಕಂಡಳು. ಆಮೇಲೆ ಮತ್ತೆ ಎರಡು. ಮಣ್ಣು ಮಳೆಯ ಹಾಗೆ ಸುರಿಯುತ್ತಿತ್ತು. ಅರ್ಧ ರೇಸು ಮುಗಿಯುವ ಮೊದಲೇ ಹುಡುಗಿಯ ಕೈ ಮೇಲೆ ಹೋಯಿತು, ತಡವಿತು, ಹಾಳೆ ಸಿಗದೆ ಬರಿದೇ ಕೆಳಗಿಳಿಯಿತು. ಗಿರಿಜವ್ವನ ಬಾಯಲ್ಲಿ ಬೆಲ್ಲ ಕರಗಿದಂತಾಯಿತು. ಇನ್ನು ನಿಧಾನ ಮಾಡ್ತಾಳ, ಮಾಡಲೇಬೇಕು.

ಮಾಡಲಿಲ್ಲ. ತಲೆಯನ್ನು ಕೋಳಿಯ ಹಾಗೆ ಓರೆ ಮಾಡಿ, ಗಾಜಿನಲ್ಲಿ ಎಲ್ಲೋ ಉಳಿದ ಮೂಲೆಯಿಂದ ನೋಡುತ್ತ ಓಡಿಸಿದಳು. ಅಷ್ಟು ದೊಡ್ಡವರ ನಡುವೆ ಒಂಬತ್ತನೆಯವಳಾಗಿ ಬಂದು ನಿಂತಳು.

ಹೆಲ್ಮೆಟ್ಟು ತೆಗೆದಾಗ ಗಾಜಿನ ತುಂಬ ಮಣ್ಣು, ತುದಿಯಲ್ಲಿ ರೂಪಾಯಿಯಗಲದ ಒಂದು ಸ್ವಚ್ಛ ಜಾಗ. ಆ ಕಡೆ ಹೋಗುತ್ತಿದ್ದ ಪೆನ್ಸಿಲ್ವೇನಿಯಾದ ಒಬ್ಬ ಓನರು, ಹಲ್ಲಿನಲ್ಲಿ ಕಡ್ಡಿ ಕಚ್ಚಿಕೊಂಡ ಮುದುಕ, ಅದನ್ನು ನೋಡಿ ನಿಂತ. ಹೆಲ್ಮೆಟ್ಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಇಷ್ಟೇ ಜಾಗದಿಂದ ನೋಡುತ್ತ ಓಡಿಸಿದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವಳ ಫೋನ್ ನಂಬರು ಬರೆದುಕೊಂಡ.

ಗಿರಿಜವ್ವನಿಗೆ ಉರಿದುಕೊಂಡದ್ದು ಅದೇ. ತಾನು ಮಡಿಚಿ ಕೊಟ್ಟಿದ್ದರೆ ಆ ಗಾಜು ಸ್ವಚ್ಛವಾಗಿ ಇರುತ್ತಿತ್ತು. ಮುದುಕ ನಿಲ್ಲುತ್ತಲೇ ಇರಲಿಲ್ಲ.

ಆಗಸ್ಟಿನಲ್ಲಿ ಅವನ ಡ್ರೈವರನ ಮಣಿಕಟ್ಟು ಮುರಿಯಿತು, ದೀಪಶ್ರೀಗೆ ಫೋನು ಬಂತು. ಮೊದಲು ಪರೀಕ್ಷೆಗೆಂದು ಕೆಲವು ರೇಸು. ಅವುಗಳಲ್ಲಿ ಅವಳು ಕಾರು ಮುರಿಯದೆ ತಂದಳು, ಒಂದರಲ್ಲಿ ಐದನೆಯವಳಾದಳು. ಫೆಬ್ರವರಿಯಿಂದ ಇಡೀ ಸೀಸನ್ನಿಗೆ ಬಾ ಎಂದ ಮುದುಕ.

ನವೆಂಬರಿನಲ್ಲಿ ನಾರ್ತ್ ಯಾರ್ಕಿನ ಶಾಲೆಯೊಂದರ ಹಾಲಿನಲ್ಲಿ ರಾಜ್ಯೋತ್ಸವ. ಹುಬ್ಬಳ್ಳಿಯ ದಾನವ್ವ ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ಗಿರಿಜವ್ವನ ಪಕ್ಕದಲ್ಲೇ ಬಂದು ಕುಳಿತಳು.

"ನಿಮ್ಮ ಗ್ಯಾರೇಜಿನ ಹುಡಿಗಿ ಅಮೆರಿಕಾದಾಗ ರೇಸಿಗೆ ಹೊಂಟಾಳಂತಲ್ಲ ಬೇ!"

"ನಮ್ಮ ಗ್ಯಾರೇಜಿನ್ಯಾಗ ಮಣ್ಣ ಕೆರ್ಯಾಕ ಬಂದಿದ್ಲು, ಅಷ್ಟ."

"ಚಲೋನs ಕೆರದಾಳ ನೋಡ್ರಿ," ಎಂದಳು ದಾನವ್ವ. ಅಲ್ಲಿದ್ದ ಮಂಗಳೂರಿನ ನೀರಜಾ ಬಾಯಿ ಮುಚ್ಚಿಕೊಂಡು ನಕ್ಕಳು. ವೇದಿಕೆಯಲ್ಲಿ ದೀಪಶ್ರೀಗೆ ಶಾಲು ಹೊದಿಸುತ್ತಿದ್ದರು. ಫೋಟೋ ತೆಗೆಯುತ್ತಿದ್ದವನು ನಿಜಗುಣ. ಗಿರಿಜವ್ವನಿಗೆ ಹೋಳಿಗೆಯೂ ಕಹಿಯಾಯಿತು.

ಜನವರಿಯ ಒಂದು ಬೆಳಿಗ್ಗೆ ಹುಡುಗಿ ಹೇಳಿ ಹೋಗಲು ಬಂದಳು. ಹೊರಗೆ ಮೊಣಕಾಲುದ್ದ ಹಿಮ. ಗಿರಿಜವ್ವ ಅವಳಿಗಾಗಿ ಒಂದು ಕಟ್ಟು ಸಿದ್ಧ ಮಾಡಿಟ್ಟಿದ್ದಳು. ಎಲ್ಲ ಹಾಳೆ, ಮೆಟ್ಟಿಲು ಮೆಟ್ಟಿಲಾಗಿ ಮಡಿಚಿದ್ದು. ಪ್ರೀತಿಯಿಂದ ಮಾಡಿದ್ದೇನಲ್ಲ. ಆ ಸೀಟು ನಮ್ಮ ಹುಡುಗನಿಗೆ ಸಿಗಲಿಲ್ಲ, ಹೋಗಲಿ. ಇವಳು ಅಲ್ಲಿ ಗೆದ್ದಾಗಲೆಲ್ಲ ಅರ್ಧ ಗೆಲುವು ತನ್ನ ಬೆರಳಿನದಾಗಬೇಕು. ಹಾಳೆ ತೀರಿದಾಗಲೆಲ್ಲ ಇವಳು ಮಿಲ್ಟನ್ನಿಗೆ ಫೋನು ಮಾಡಬೇಕು, ಆಯಿ ಆಯಿ ಎಂದು ಬೇಡಬೇಕು. ಅಷ್ಟಾದರೂ ತನಗಿರಲಿ ಎಂಬ ಲೆಕ್ಕಾಚಾರ.

"ತಗೋ. ತೀರಿದ್ರ ಫೋನ್ ಮಾಡು. ಮಡಿಚಿ ಕಳಸ್ತೀನಿ."

ದೀಪಶ್ರೀ ಕೈಗವಸು ಬಿಚ್ಚದೆಯೇ ಮೇಲಿನ ತುದಿ ಎಳೆದಳು. ಒಂದು ಬಂತು. ಇನ್ನೊಂದು ಸಲ ಎಳೆದಳು. ಒಂದೇ ಬಂತು. ಆಮೇಲೆ ಕೈಗವಸು ಕಳಚಿ, ಚೀಲದಿಂದ ಒಡೆಯದ ಹೊಸ ಪ್ಯಾಕೆಟ್ಟು ತೆಗೆದು ಗಿರಿಜವ್ವನ ಮುಂದೆ ಇಟ್ಟು ಅಡುಗೆಮನೆಯ ನೆಲದ ಮೇಲೆ ಕುಳಿತಳು.

"ಕಳಸೂದ ಬ್ಯಾಡ ಆಯಿ. ನನಗ ಮಡಚೂದ ಹೇಳಿಕೊಡ್ರಿ."

ಸೀಟು ಹೋಯಿತು, ಹೆಸರು ಹೋಯಿತು, ಶಾಲು ಹೋಯಿತು. ಈಗ ಉಳಿದಿದ್ದ ಇದನ್ನೂ ಕೇಳುತ್ತಾಳೆ. ಗಿರಿಜವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

"ನನಗ ಕಣ್ಣ ಕಾಣವೊಲ್ಲವು."

ಹುಡುಗಿ ಏಳಲಿಲ್ಲ. ಪ್ಯಾಕೆಟ್ಟನ್ನು ಇನ್ನೂ ಒಂದು ಗೇಣು ಮುಂದಕ್ಕೆ ಸರಿಸಿದಳು.

"ಹಂಗಾರ ನಿಜ್ಜುನ್ನ ಕರೀತೀನಿ. ಅವಗ ಮಡಚಾಕಾದ್ರ ನಿಮಗ ಕಾಣ್ತಾವಲ್ಲ, ಅವಗs ತೋರಸ್ರಿ. ನಾ ಬಾಜೂಕ ಕುಂತ ನೋಡ್ತೀನಿ. ಇಷ್ಟ ಮಾಡ್ರಿ ಆಯಿ."