ಮೈನರ್ ಭೂವಿಜ್ಞಾನ ಮತ್ತು ಮಾಲೂರಿನ ನೌಕರಿ

ಜೂನ್ 14, ಭಾನುವಾರ, ಬೆಳಗ್ಗೆ ಆರೂ ಮುಕ್ಕಾಲು.

ನನ್ನ ಬಿಎಸ್ಸಿ ಅಂಕಪಟ್ಟಿಯಲ್ಲಿ ಮೇಜರ್, ಅಂದರೆ ಮುಖ್ಯ ವಿಷಯವಾದ ರಸಾಯನವಿಜ್ಞಾನ ದಪ್ಪ ಅಕ್ಷರದಲ್ಲಿದೆ. ಮೈನರ್ ಆದ ಭೂವಿಜ್ಞಾನ, ಮದುವೆಯ ಫೋಟೋದಲ್ಲಿ ಹಿಂದಿನ ಸಾಲಿಗೆ ಸರಿಸಿದ ದೂರದ ನೆಂಟನಂತೆ, ಅದರ ಕೆಳಗೆ ಸಣ್ಣಗೆ ಇಣುಕುತ್ತಿದೆ.

"ಮೈನರ್‌ನಿಂದ ಕೆಲಸಾನೋ ಎಂಎಸ್ಸಿ ಸೀಟೋ ಏನಾದ್ರೂ ಸಿಗುತ್ತೇನೇ ಅಕ್ಕ?" ಎಂದು ತಂಗಿ ಸುಧಾ ಬೆನ್ನುಬಿದ್ದಿದ್ದಾಳೆ. ನಾಳೆಯೊಳಗೆ ಅವಳು ಕಾಲೇಜಿಗೆ ತನ್ನ ಮೈನರ್ ವಿಷಯವನ್ನು ಆರಿಸಿ ತಿಳಿಸಬೇಕು. ಹಾಗಾಗಿ ನನ್ನ ಅನುಭವದ ಲೆಕ್ಕ ತೆಗೆದೆ.

ಕೋಲಾರದಲ್ಲಿ ಎಂಎಸ್ಸಿಗೆ ಅರ್ಜಿ ಹಾಕಿದಾಗ ಮೇಜರ್ ಅಂಕಗಳನ್ನಷ್ಟೇ ನೋಡಿದರು. ಶ್ರೀನಿವಾಸಪುರದ ಮಾವಿನ ರಸದ ಕಾರ್ಖಾನೆಯವರು ಅದನ್ನೂ ನೋಡಲಿಲ್ಲ. ಮುಳಬಾಗಿಲಿನ ಶಾಲೆಯೊಂದರವರು ಮಾತ್ರ ಮೈನರನ್ನು ಗೌರವದಿಂದ ಓದಿ, "ಹಾಗಾದ್ರೆ ಭೂಗೋಳಾನೂ ನೀವೇ ತಗೊಳ್ಳಿ ಮೇಡಂ, ಸಂಬಳ ಅಷ್ಟೇ" ಎಂದರು.

ಆದರೆ ನಮ್ಮ ಸೀಮೆಯಲ್ಲಿ ಭೂವಿಜ್ಞಾನಕ್ಕೆ ಯಾವ ಕಾಲೇಜೂ ಕಲಿಸದ ಒಂದು ಉಪಯೋಗವುಂಟು: ಬೋರ್‌ವೆಲ್‌ಗೆ ಪಾಯಿಂಟು ತೋರಿಸುವುದು. ಅಂಗೈಯಲ್ಲಿ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯಬೇಕು. ಕಾಯಿ ಎದ್ದು ನಿಂತ ಕಡೆ ನೀರು. ನನಗೆ ಅದು ಬಾರದೆಂದಾಗ ಹೋಳೂರಿನ ದೊಡ್ಡಮ್ಮನಿಗೆ ನಂಬಿಕೆಯೇ ಬರಲಿಲ್ಲ. "ಅಷ್ಟು ವರ್ಷ ಓದಿದ್ದೀಯ, ಒಂದು ಕಾಯಿ ನಿಲ್ಲಿಸಕ್ಕೆ ಬರಲ್ವೇನೇ? ಮತ್ತೇನ್ ಕಲಿಸಿದ್ರು ನಿಂಗೆ?"

ನನಗೆ ನಿಜವಾಗಿ ಬೇಕಾಗಿದ್ದದ್ದು ಮಾಲೂರಿನ ಬಣ್ಣದ ಕಾರ್ಖಾನೆಯ ಪ್ರಯೋಗಾಲಯದ ಕೆಲಸ. ಸಂದರ್ಶನಕ್ಕಾಗಿ ರಸಾಯನವಿಜ್ಞಾನವನ್ನು ಮೂಗಿನವರೆಗೆ ತುಂಬಿಕೊಂಡು ಹೋಗಿದ್ದೆ. ಮ್ಯಾನೇಜರು ಅದರಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ, ಸಣ್ಣ ಅಕ್ಷರವನ್ನು ಕಂಡೊಡನೆ ಕುರ್ಚಿ ಮುಂದಕ್ಕೆಳೆದುಕೊಂಡರು.

"ಶಿವಾರಪಟ್ಟಣದ ಹತ್ರ ನಮ್ಮದೊಂದು ತೋಟ ಇದೆ ಕಣಮ್ಮ. ಒಂದು ಪಾಯಿಂಟ್ ನೋಡ್ತೀಯಾ?"

ಕೆಲಸ ಬೇಕಿತ್ತಲ್ಲ, ನೋಡ್ತೀನಿ ಎಂದೆ. ಮರುದಿನ ತೋಟಕ್ಕೆ ಹೋದರೆ ಅವರು ಜುಟ್ಟು ಬಿಟ್ಟು ಸುಲಿದ ಕಾಯಿಯನ್ನು ಸಿದ್ಧವಾಗಿಟ್ಟುಕೊಂಡು ನಿಂತಿದ್ದರು. ಕಾಲಡಿಯಲ್ಲಿ ಒಂದು ಬಿರುಕೂ ಇಲ್ಲದ ಹಾಸುಬಂಡೆ. ಕಾಯಿ ತೆಗೆದುಕೊಂಡು ಒಂದು ಸುತ್ತು ಹಾಕಿದ್ದರೆ ನೌಕರಿ ಅಲ್ಲೇ ಖಾಯಂ ಆಗುತ್ತಿತ್ತೋ ಏನೋ. ಕೈ ಮುಂದೆ ಬರಲಿಲ್ಲ.

"ಇಲ್ಲಿ ಕೊರೆಸಬೇಡಿ ಸರ್, ಧೂಳು ಬರುತ್ತೆ. ಯಂತ್ರ ಇರೋರ ಕೈಲಿ ಸರ್ವೆ ಮಾಡಿಸಿ."

"ನೀರಿಲ್ಲ ಅನ್ನಕ್ಕೆ ಡಿಗ್ರಿ ಬೇಕೇನಮ್ಮ? ನಮ್ಮ ಡ್ರೈವರ್ರೂ ಹೇಳ್ತಾನೆ!"

ಅಲ್ಲಿಗೆ ಆ ನೌಕರಿಯ ಆಸೆಗೆ ಎಳ್ಳುನೀರು ಬಿಟ್ಟೆ. ನಿನ್ನೆ ಸಂಜೆ ಅವರದೇ ಫೋನು.

"ಯಾರ್ಯಾರೋ ಕಾಯಿ ನಿಲ್ಲಿಸಿದ್ರು ಅಂತ ಕೊರೆಸಿದೆ ಕಣಮ್ಮ. ಬರೀ ಧೂಳು. ನೀನು ನಾಳಿದ್ದಿಂದ ಲ್ಯಾಬಿಗೆ ಬಾ. ಹಾಂ, ನಮ್ಮ ಷಡ್ಡಕಂದೂ ಒಂದು ಜಮೀನಿದೆ, ಅಲ್ಲೂ ನೀರಿಲ್ಲ ಅಂತ ಒಂದು ಮಾತು ಹೇಳ್ಬಿಡು. ನಾನು ಹೇಳಿದ್ರೆ ಕೇಳಲ್ಲ."

ನೀವೇ ಹೇಳಿ, ಈ ನೌಕರಿಯನ್ನು ಯಾರ ಖಾತೆಗೆ ಬರೆಯಲಿ? ಮೇಜರನ್ನು ಅವರು ಕೇಳಲಿಲ್ಲ, ಮೈನರನ್ನು ನಂಬಲಿಲ್ಲ; ಕೊನೆಗೆ ನನ್ನ ಪರವಾಗಿ ಸಾಕ್ಷಿ ಹೇಳಿದ್ದು ಧೂಳು. ಇದನ್ನೆಲ್ಲ ಕೇಳಿಸಿಕೊಂಡ ಸುಧಾ, "ಹಂಗಾದ್ರೆ ನಾನೂ ಭೂವಿಜ್ಞಾನಾನೇ ತಗೊಳ್ಳಲಾ?" ಎನ್ನುತ್ತಿದ್ದಾಳೆ. ಎಲ್ಲರ ತೋಟದಲ್ಲೂ ಬಂಡೆಯೇ ಇರುವುದಿಲ್ಲ ಎಂಬುದಷ್ಟೇ ನನಗೆ ಖಚಿತವಾಗಿ ಗೊತ್ತು. ನೀರಿಗೆ ಕೊರತೆಯಿಲ್ಲದ ಊರುಗಳಲ್ಲಿ ಮೈನರ್ ನೋಡಿ ಏನು ಕೇಳುತ್ತಾರೆಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಅವಳಿಗೆ ನಾಳೆ ಸಂಜೆಯವರೆಗೆ ಸಮಯವಿದೆ.