ಕೆಂಪು ಗೆರೆ ಎಳೆದ ನೀರಿನ ಸುದ್ದಿ

ಆಗ ನಾವು ಪರದೇಶದಲ್ಲಿ, ಪಾಪಕುರಾ ಎಂಬ ಊರಿನಲ್ಲಿದ್ದೆವು. ನಮ್ಮ ಯಜಮಾನರು ವಿಶ್ವವಿದ್ಯಾಲಯದಲ್ಲಿ ಸಂವಹನ ಓದುವ ಮಕ್ಕಳಿಗೆ ಪತ್ರಿಕಾ ಪ್ರಕಟಣೆ, ನೋಟಿಸು, ವರದಿ ಬರೆಯುವುದನ್ನು ಕಲಿಸುತ್ತಿದ್ದರು. ಮನೆಯಲ್ಲೂ ಅವರದೊಂದು ರೂಢಿ: ನಾನು ಓದಲೇಬೇಕಾದ ಕಾಗದವಿದ್ದರೆ ಮುಖ್ಯ ಸಾಲಿಗೆ ಕೆಂಪು ಗೆರೆ ಎಳೆದು ಊಟದ ಮೇಜಿನ ಮೇಲಿಟ್ಟು ಹೋಗುವರು.

ಮಾರ್ಚಿನ ಒಂದು ಭಾನುವಾರ ಅವರು ತರಕಾರಿಗೆಂದು ಏವನ್‌ಡೇಲ್ ಸಂತೆಗೆ ಹೋಗಿದ್ದರು. ಪೂಜೆ ಮುಗಿಸಿ ಬಂದರೆ ಮೇಜಿನ ಮೇಲೊಂದು ಹಾಳೆ. ಪಾಪಕುರಾದ ನಲ್ಲಿ ನೀರಿಗೆ ವಿಷ ಬೆರೆತಿದೆಯಂತೆ. ಕೆಳಗಿನ ಸಾಲಿಗೆ ಕೆಂಪು ಗೆರೆ: ಗರ್ಭಿಣಿಯರು ಒಂದು ಹನಿಯೂ ಕುಡಿಯಬಾರದು, ಕುದಿಸಿದರೂ ಉಪಯೋಗವಿಲ್ಲ.

ಅದೇ ನಲ್ಲಿ ನೀರಿನ ತೀರ್ಥದ ತುಳಸಿ ನಾಲಿಗೆಯ ಮೇಲೆ ಇನ್ನೂ ಹಾಗೇ ಇತ್ತು. ಪಕ್ಕದ ಮನೆಯ ಹುಬ್ಬಳ್ಳಿ ಹುಡುಗಿಗೆ ಎಂಟು ತಿಂಗಳು. ಹಾಳೆ ಹಿಡಿದು ಓಡಿದೆ.

"ನೀರು ಕುಡದೀಯೇನ?"

"ಈಗಷ್ಟ ಕುಡದ್ನಲ್ಲಾ ಆಂಟಿ. ಯಾಕ್ರಿ?"

ಹಾಳೆ ಓದಿದವಳು ಹೊಟ್ಟೆ ಹಿಡಿದು ನೆಲಕ್ಕೆ ಕುಳಿತಳು. ಗಂಡ ಕೆಲಸದ ಮೇಲೆ ದೂರದ ನೆಲ್ಸನ್ ಊರಿಗೆ ಹೋಗಿದ್ದ. "ಕೂಸು ಅಲುಗಾಡವಲ್ದು ಆಂಟಿ" ಎಂದಳು. ನನಗೆ ದಿನಾ ಪೂಜಿಸುವ ರಾಯರ ಹೆಸರೂ ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ ನಮ್ಮವರ ಕಾರು ಬಂತು. ನಾನು ಕೂಗಿದ್ದಕ್ಕೆ ಮೆಂತ್ಯೆಸೊಪ್ಪಿನ ಚೀಲ ಹಿಡಿದೇ ಆ ಮನೆಯೊಳಗೆ ಬಂದವರು ಹಾಳೆ ನೋಡಿ ಬೆಚ್ಚಿದರು.

"ಏ, ಇದು ಹುಡುಗರ ಹೋಂವರ್ಕ್! ಆಪತ್ತು ಬಂದದ ಅಂತ ತಿಳಕೊಂಡು ನೋಟಿಸ್ ಬರೀರಿ ಅಂತ ನಾನ ಹೇಳಿದ್ದೆ."

"ಮತ್ತ ಕೆಂಪು ಗೆರಿ?"

"ಓದಿದವ್ರು ಎದ್ದು ಓಡಬೇಕು, ಹಂಗ ಬರದಾಳ ನನ್ನ ವಿದ್ಯಾರ್ಥಿನಿ ಅಂತ ಎಳದೆ. ತಿದ್ದಿ ಮೇಜಿನ ಮ್ಯಾಲ ಮರತು ಹೋದೆ."

"ಓಡಿದ್ನಲ್ಲಾ!" ಎಂದೆ.

ಸುದ್ದಿ ಸುಳ್ಳೆಂದು ಗೊತ್ತಾದರೂ ಹುಡುಗಿಯ ಹೊಟ್ಟೆಯೊಳಗೆ ಚಲನೆಯಿಲ್ಲ. ಸೂಲಗಿತ್ತಿ ನರ್ಸಿಗೆ ಫೋನ್ ಮಾಡಿದರೆ, ತಡಮಾಡದೆ ಆಸ್ಪತ್ರೆಗೆ ಬನ್ನಿ ಎಂದಳು. ಹೊರಟೆವು. ಕಾರಿತ್ತು, ನಮ್ಮವರು ಹೊತ್ತಿಗೆ ಬಂದಿದ್ದರು, ರಸ್ತೆ ಖಾಲಿಯಿತ್ತು. ದೇವರು ಇಷ್ಟಾದರೂ ಕೊಟ್ಟಿದ್ದಾನೆಂದು ದಾರಿಯುದ್ದಕ್ಕೂ ಅವನ್ನೇ ಎಣಿಸಿದೆ.

ಹೊಟ್ಟೆಗೆ ಯಂತ್ರ ಇಟ್ಟರು. ಮೊದಲು ಬರೀ ಗರಗರ. ಆಮೇಲೆ ಕುದುರೆ ಓಡಿದ ಹಾಗೆ ಕೂಸಿನ ಎದೆಬಡಿತ ಕೇಳಿಸಿತು. ಹುಡುಗಿ ಅಳುತ್ತಲೇ ನಕ್ಕಳು.

"ಅಂಕಲ್, ಆ ನೋಟಿಸ್ ಬರದಾಕಿಗೆ ಎಷ್ಟು ಮಾರ್ಕ್ಸ್ ಕೊಟ್ರಿ?"

"ಆಕಿಗೆ ಪೂರಾ ಕೊಡತೀನಿ ತಂಗಿ. ನನಗ ಸೊನ್ನಿ."

ನರ್ಸ್ ಲೋಟದಲ್ಲಿ ನಲ್ಲಿ ನೀರು ತಂದುಕೊಟ್ಟಳು. ಹುಡುಗಿ ಲೋಟ ಹಿಡಿದು ನನ್ನ ಮುಖ ನೋಡಿದಳು. ನಾನು ಇಸಿದುಕೊಂಡು ತುಟಿಗೆ ತಾಗದಂತೆ ಎತ್ತಿ ಒಂದು ಗುಟುಕು ಕುಡಿದೆ. ಅರ್ಧ ಸೀರೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ಅವಳು ಕುಡಿದಳು.